ಬಡಾವಣೆಗೆ ಇಟಾಲಿಯನ್ ಹೋಟೆಲ್ ಬಂದಿದೆ: ಮೈಸೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುವೆಂಪುನಗರವಿರಲಿ, ವಿಜಯನಗರವಿರಲಿ, ಸರಸ್ವತಿಪುರವಿರಲಿ, ಮನೆ ಹತ್ತಿರ ಇಟಾಲಿಯನ್ ಹೋಟೆಲೊಂದು ಬಾಗಿಲು ತೆರೆದರೆ ಮೊದಲ ತಿಂಗಳು ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಇವೇ: "ಅಂಚೆಲ್ಲ ಕರಕಲು", "ಪಾಸ್ತಾ ಬೆಂದೇ ಇಲ್ಲ", "ಖಾರ ಅನ್ನೋದೇ ಇಲ್ಲ", "ಇಷ್ಟಕ್ಕೆ ಅಷ್ಟೊಂದು ದುಡ್ಡಾ?" ಇವುಗಳಲ್ಲಿ ಕೆಲವು ಅಡುಗೆಮನೆಯ ತಪ್ಪು, ಕೆಲವು ಆ ತಿನಿಸಿನ ಗುಣ. ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ಒಳ್ಳೆಯ ಅಡುಗೆಯವರ ಕೈಕಟ್ಟಿದ ಹಾಗಾಗುತ್ತದೆ, ಕೆಟ್ಟ ಅಡುಗೆಗೆ ದುಡ್ಡು ಕೊಟ್ಟು ಸುಮ್ಮನೆ ಬಂದ ಹಾಗೂ ಆಗುತ್ತದೆ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪಿಜ್ಜಾದ ಅಂಚು ಅಲ್ಲಲ್ಲಿ ಕಪ್ಪಾಗಿತ್ತು. ಸೀದಿದೆ ಅಂತ ವಾಪಸ್ ಕಳಿಸಬಹುದಾ?

ಮೊದಲು ಅದು ಯಾವ ಪಿಜ್ಜಾ ಅಂತ ಕೇಳಿ. ಇಟಲಿಯ ನೇಪಲ್ಸ್ ಊರಿನ ಪದ್ಧತಿಯದಾದರೆ ಆ ಚುಕ್ಕೆಗಳು ಇರಲೇಬೇಕು. ಅಲ್ಲಿನ ಒಲೆಯ ಶಾಖ 430ರಿಂದ 480 ಡಿಗ್ರಿ ಸೆಲ್ಸಿಯಸ್. ಪಿಜ್ಜಾ ಒಳಗಿರುವುದು 60ರಿಂದ 90 ಸೆಕೆಂಡು ಮಾತ್ರ. ಅಷ್ಟು ಶಾಖಕ್ಕೆ ಅಂಚು ಒಮ್ಮೆಲೇ ಉಬ್ಬುತ್ತದೆ, ಉಬ್ಬಿದ ಗುಳ್ಳೆಗಳ ನೆತ್ತಿ ತೆಳುವಾಗಿರುವುದರಿಂದ ಅಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಚೆನ್ನಾಗಿ ಕಾದ ಹೆಂಚಿನ ಮೇಲಿನ ಅಕ್ಕಿರೊಟ್ಟಿಗೆ ಬೀಳುವ ಚುಕ್ಕೆಯಂಥದ್ದೇ ಇದು.

ಸೀದದ್ದನ್ನು ಗುರುತಿಸುವುದು ಸುಲಭ. ಒಂದು ತುಂಡನ್ನು ಎತ್ತಿ ತಳ ನೋಡಿ. ಕಂದು ಬಣ್ಣದ ನಡುವೆ ಅಲ್ಲಲ್ಲಿ ಚುಕ್ಕೆ ಇದ್ದರೆ ಸರಿಯಾಗಿದೆ. ತಳದಲ್ಲಿ ಅಂಗೈಯಗಲ ಕಪ್ಪು ಹರಡಿದ್ದರೆ, ತಿಂದಾಗ ಬೂದಿಯ ಕಹಿ ನಾಲಿಗೆಗೆ ಅಂಟಿದರೆ ಅದು ತಪ್ಪು. ಸಾಮಾನ್ಯವಾಗಿ ಒಲೆಯ ನೆಲದ ಮೇಲೆ ಉದುರಿದ ಒಣ ಹಿಟ್ಟನ್ನು ಗುಡಿಸದೆ ಅದರ ಮೇಲೇ ಮುಂದಿನ ಪಿಜ್ಜಾ ಇಟ್ಟಾಗ ಹೀಗಾಗುತ್ತದೆ. ಹಿಟ್ಟು ಸುಟ್ಟು ಪಿಜ್ಜಾದ ತಳಕ್ಕೆ ಮೆತ್ತಿಕೊಳ್ಳುತ್ತದೆ. ಧಾರಾಳವಾಗಿ ವಾಪಸ್ ಕಳಿಸಿ.

ಕರೆಂಟಿನ ಒಲೆ ಇಟ್ಟುಕೊಂಡು 300 ಡಿಗ್ರಿಯ ಆಸುಪಾಸಿನಲ್ಲಿ ಐದಾರು ನಿಮಿಷ ಬೇಯಿಸುವ ಹೋಟೆಲ್‌ಗಳೂ ಇವೆ. ಅಲ್ಲಿ ಅಂಚು ಒಂದೇ ಸಮನೆ ಹೊಂಬಣ್ಣಕ್ಕೆ ಬರುತ್ತದೆ, ಕಚ್ಚಿದರೆ ಗರಿಗರಿ ಅನ್ನುತ್ತದೆ. ಅದು ಬೇರೆ ಜಾತಿಯ ಪಿಜ್ಜಾ, ಅದನ್ನು ಕೀಳು ಅನ್ನಬೇಕಿಲ್ಲ.

ನಡುಭಾಗ ಒದ್ದೆಯಾಗಿ ಜೋತುಬೀಳುತ್ತದಲ್ಲ?

ನೇಪಲ್ಸ್ ಪಿಜ್ಜಾದ ನಡುಭಾಗದ ದಪ್ಪ ಕಾಲು ಸೆಂಟಿಮೀಟರ್ ಮಾತ್ರ. ಅದು ಮೆತ್ತಗೇ ಇರುತ್ತದೆ, ಮಡಚಿ ತಿನ್ನಬೇಕು. ಆದರೆ ತಟ್ಟೆಯಲ್ಲಿ ನೀರು ನಿಂತಿದ್ದರೆ ಮಾತು ಬೇರೆ. ಕಾರಣ ನಾಲ್ಕರಲ್ಲಿ ಒಂದಿರುತ್ತದೆ: ಚೀಸನ್ನು ನೀರು ಬಸಿಯದೆ ಹಾಕಿದ್ದಾರೆ, ಟೊಮೇಟೊ ಸಾಸ್ ತೆಳುವಾಗಿದೆ, ಮೇಲಿನ ಸಾಮಾನು ಜಾಸ್ತಿಯಾಗಿದೆ, ಇಲ್ಲವೇ ಒಲೆಯ ನೆಲ ತಣ್ಣಗಾಗಿದೆ. ಒಂದು ಮಾರ್ಗರೀಟಾಗೆ, ಅಂದರೆ ಟೊಮೇಟೊ, ಚೀಸ್ ಅಷ್ಟೇ ಇರುವ ಸಾದಾ ಪಿಜ್ಜಾಗೆ, ಸುಮಾರು 250 ಗ್ರಾಂ ಹಿಟ್ಟಿನ ಉಂಡೆ, 60–80 ಗ್ರಾಂ ಟೊಮೇಟೊ, 80–100 ಗ್ರಾಂ ಚೀಸ್ ಇದ್ದರೆ ಸಾಕು. ನಮ್ಮ ಕಡೆ "ಎಕ್ಸ್‌ಟ್ರಾ ಚೀಸ್, ಎಕ್ಸ್‌ಟ್ರಾ ಮಶ್ರೂಮ್, ಎಕ್ಸ್‌ಟ್ರಾ ಕಾರ್ನ್" ಅಂತ ಹೇರಿಸಿಕೊಂಡು ಆಮೇಲೆ ತಳ ಹಸಿ ಅನ್ನುವವರು ಬಹಳ. ಒಂದೂವರೆ ನಿಮಿಷದಲ್ಲಿ ಅಷ್ಟು ಅಣಬೆಯ ನೀರು ಆರುವುದಿಲ್ಲ. ಒಂದು ಪಿಜ್ಜಾಗೆ ಚೀಸ್ ಬಿಟ್ಟು ಎರಡು ಬಗೆ ಸಾಮಾನು ಸಾಕು.

ನಾಲ್ಕನೆಯ ಕಾರಣ ಶನಿವಾರ, ಭಾನುವಾರ ರಾತ್ರಿ ಜಾಸ್ತಿ. ಒಂದರ ಹಿಂದೆ ಒಂದು ಪಿಜ್ಜಾ ಇಡುತ್ತಾ ಹೋದರೆ ಕಲ್ಲಿನ ನೆಲ ಶಾಖ ಕಳೆದುಕೊಳ್ಳುತ್ತದೆ, ಮೇಲಿನ ಉರಿ ಮಾತ್ರ ಜೋರಾಗಿರುತ್ತದೆ. ಆಗ ಮೇಲೆ ಕಪ್ಪು, ತಳ ಬಿಳಿ. ಹೊಸ ಅಡುಗೆಮನೆಯನ್ನು ಅಳೆಯಬೇಕೆಂದರೆ ವಾರದ ನಡುವೆ ಒಮ್ಮೆ, ವಾರದ ಕೊನೆಗೆ ಒಮ್ಮೆ ಹೋಗಿ ಅದೇ ಪಿಜ್ಜಾ ತಿನ್ನಿ.

ಒಂದು ಸಲ ಹೋದಾಗ ಅದ್ಭುತ, ಇನ್ನೊಂದು ಸಲ ಹುಳಿ ವಾಸನೆ. ಯಾಕೆ ಹೀಗೆ?

ದೋಸೆ ಹಿಟ್ಟು ರುಬ್ಬುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪಿಜ್ಜಾ ಹಿಟ್ಟು ಕಲಸಿದ ಮೇಲೆ 8ರಿಂದ 24 ಗಂಟೆ ಹುದುಗಬೇಕು. ಆ ಲೆಕ್ಕ 25 ಡಿಗ್ರಿಯ ಕೋಣೆಗೆ. ಡಿಸೆಂಬರ್‌ನ ಮೈಸೂರಿಗೆ ಹೊಂದಿಕೊಂಡ ಅಳತೆಯನ್ನೇ ಏಪ್ರಿಲ್‌ನಲ್ಲೂ ಇಟ್ಟರೆ ಹಿಟ್ಟು ಮಧ್ಯಾಹ್ನವೇ ಉಬ್ಬಿ, ಸಂಜೆಗೆ ಇಳಿದು ಹುಳಿಯಾಗಿರುತ್ತದೆ. ಅಂಥ ಹಿಟ್ಟು ತಟ್ಟುವಾಗ ಹರಿಯುತ್ತದೆ, ಬೆಂದರೆ ಅಂಚು ಚಪ್ಪಟೆಯಾಗಿ ಮಂಕಾಗಿರುತ್ತದೆ. ಯೀಸ್ಟು ಸಕ್ಕರೆಯನ್ನೆಲ್ಲ ತಿಂದು ಮುಗಿಸಿದ್ದರಿಂದ ಬಣ್ಣ ಕಟ್ಟಲು ಏನೂ ಉಳಿದಿರುವುದಿಲ್ಲ. ತಿಳಿದವರು ಬೇಸಿಗೆಯಲ್ಲಿ ಯೀಸ್ಟು ಕಡಿಮೆ ಮಾಡುತ್ತಾರೆ, ತಣ್ಣೀರಲ್ಲಿ ಕಲಸುತ್ತಾರೆ, ಉಂಡೆಗಳನ್ನು ಫ್ರಿಜ್‌ನಲ್ಲಿಟ್ಟು ಬೇಕಾದಷ್ಟೇ ಹೊರಗೆ ತೆಗೆಯುತ್ತಾರೆ. ಕರೆಂಟು ಹೋಗಿ ಫ್ರಿಜ್ ನಿಂತ ದಿನ ಇದೆಲ್ಲ ಕೈಕೊಡುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹಿಟ್ಟು ಮುಗಿದುಹೋಗಿ ಎರಡು ಗಂಟೆ ಮುಂಚೆ ಕಲಸಿದ್ದನ್ನೇ ಬೇಯಿಸಿದರೆ ಅಂಚು ರಬ್ಬರಿನ ಹಾಗೆ ಎಳೆಯುತ್ತದೆ, ಹಸಿ ಮೈದಾ ವಾಸನೆ ಬರುತ್ತದೆ. "ಇವತ್ತಿನ ಹಿಟ್ಟು ಮುಗೀತು" ಅಂತ ಒಂಬತ್ತೂವರೆಗೇ ಹೇಳುವ ಹೋಟೆಲನ್ನು ಬೈಯಬೇಡಿ. ಅದು ಒಳ್ಳೆಯ ಲಕ್ಷಣ.

ಪಾಸ್ತಾ ಅರ್ಧ ಬೆಂದ ಹಾಗಿರುತ್ತದೆ. ಇದು ಸರಿಯಾ?

ಅತಿ ಹೆಚ್ಚು ಜಗಳ ಇದೇ ವಿಷಯಕ್ಕೆ. ಇಟಲಿಯವರು ಪಾಸ್ತಾ ಹಲ್ಲಿಗೆ ಸಿಗಬೇಕು ಅನ್ನುತ್ತಾರೆ. ಒಣ ಪಾಸ್ತಾ ತಯಾರಾಗುವುದು ಡ್ಯೂರಮ್ ಗೋಧಿಯ ರವೆಯಿಂದ. ನಮ್ಮ ಅಂಗಡಿಗಳಲ್ಲಿ ಸಿಗುವ ಬನ್ಸಿ ರವೆ ಅದೇ ಜಾತಿಯ ಗೋಧಿಯದು. ಬನ್ಸಿ ರವೆಯ ಉಪ್ಪಿಟ್ಟು ಕಾಳುಕಾಳಾಗಿ ನಿಲ್ಲುವುದಕ್ಕೂ ಸ್ಪಗೆಟ್ಟಿ ಬೆಂದ ಮೇಲೂ ಬಿಗಿಯಾಗಿರುವುದಕ್ಕೂ ಕಾರಣ ಆ ಗೋಧಿಯ ಗಟ್ಟಿತನ.

ಪರೀಕ್ಷೆ ಹೀಗೆ ಮಾಡಿ. ಒಂದು ಎಳೆಯನ್ನೋ ತುಂಡನ್ನೋ ಕಚ್ಚಿ ಅಡ್ಡಕೊಯ್ತ ನೋಡಿ. ನಟ್ಟನಡುವೆ ಸೂಜಿಮೊನೆಯಷ್ಟು ತಿಳಿ ಚುಕ್ಕೆ ಇದ್ದರೆ ಹದವಾಗಿದೆ. ಬಿಳಿ ಹಿಟ್ಟಿನ ಗೆರೆ ದಪ್ಪಗೆ ಕಂಡು ಹಲ್ಲಿಗೆ ಅಂಟಿದರೆ ಬೆಂದಿಲ್ಲ. ಚಮಚದ ಅಂಚು ತಾಗಿದರೇ ಮುದ್ದೆಯಾಗುವಂತಿದ್ದರೆ ಬೆಂದು ಕೆಟ್ಟಿದೆ.

ಕೆಡುವುದು ಎಲ್ಲಿ? 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ಕುದಿಯುವ ನೀರು, 10 ಗ್ರಾಂ ಉಪ್ಪು ಅನ್ನುವುದು ಹಳೆಯ ಲೆಕ್ಕ. ಹೋಟೆಲ್‌ಗಳಲ್ಲಿ ಸಂಜೆಗೆ ಮುಂಚೆಯೇ ಮುಕ್ಕಾಲು ಬೇಯಿಸಿ, ತಣ್ಣಗೆ ಮಾಡಿ, ಸ್ವಲ್ಪ ಎಣ್ಣೆ ಸವರಿ ಇಟ್ಟುಕೊಂಡಿರುತ್ತಾರೆ. ಆರ್ಡರ್ ಬಂದಾಗ ಒಂದು ನಿಮಿಷ ಬಿಸಿನೀರಲ್ಲಿ ಮುಳುಗಿಸಿ ಸಾಸಿಗೆ ಹಾಕುತ್ತಾರೆ. ಇದು ಮೋಸವಲ್ಲ, ಎಷ್ಟೋ ಅಡುಗೆಮನೆಗಳು ನಡೆಯುವುದೇ ಹೀಗೆ. ಆದರೆ ಎಣ್ಣೆ ಜಾಸ್ತಿ ಸವರಿದರೆ ಸಾಸು ಪಾಸ್ತಾಗೆ ಹಿಡಿಯದೆ ತಟ್ಟೆಯ ತಳಕ್ಕೆ ಜಾರುತ್ತದೆ. ಬೇಯಿಸಿದ ಗಂಜಿನೀರಿನ ಅರ್ಧ ಸೌಟನ್ನು ಸಾಸಿಗೆ ಸೇರಿಸಿ ಬಾಣಲೆಯಲ್ಲಿ ಜೋರಾಗಿ ಕುಲುಕಿದರೆ ಎಣ್ಣೆ, ನೀರು ಒಂದಾಗಿ ಸಾಸು ಪಾಸ್ತಾಗೆ ಅಂಟಿಕೊಳ್ಳುತ್ತದೆ. ತಟ್ಟೆ ಖಾಲಿಯಾದ ಮೇಲೆ ತಳದಲ್ಲಿ ಕೆಂಪುನೀರು, ಎಣ್ಣೆ ಬೇರೆ ಬೇರೆಯಾಗಿ ಉಳಿದಿದ್ದರೆ ಈ ಕೆಲಸ ಆಗಿಲ್ಲ ಅಂತಲೇ ಅರ್ಥ.

ಮನೆಯ ಹಿರಿಯರಿಗೆ ಮೆತ್ತಗೆ ಬೇಕಾದರೆ "ಎರಡು ನಿಮಿಷ ಜಾಸ್ತಿ ಬೇಯಿಸಿ" ಅಂತ ಆರ್ಡರ್ ಕೊಡುವಾಗಲೇ ಹೇಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಮೆನುವಿನಲ್ಲಿ ವೈಟ್ ಸಾಸ್, ರೆಡ್ ಸಾಸ್, ಪಿಂಕ್ ಸಾಸ್ ಇಲ್ಲವೇ ಇಲ್ಲ. ಏನು ಕೇಳಬೇಕು?

ಆ ಮೂರು ಬಣ್ಣದ ಲೆಕ್ಕ ನಮ್ಮ ದೇಶದ್ದು. ರೆಡ್ ಇಷ್ಟವಿದ್ದರೆ ಪೊಮೊಡೊರೊ ಕೇಳಿ, ಖಾರ ಬೇಕಿದ್ದರೆ ಅರಾಬ್ಯಾತಾ. ಬೆಣ್ಣೆ, ಮೈದಾ, ಹಾಲಿನ ವೈಟ್ ಸಾಸ್ ಇಟಲಿಯಲ್ಲೂ ಉಂಟು, ಆದರೆ ಅದರ ಜಾಗ ಮುಖ್ಯವಾಗಿ ಲಸಾನ್ಯದ ಪದರಗಳ ನಡುವೆ. ರೋಮ್‌ನ ಮೂಲ ಆಲ್ಫ್ರೆಡೊದಲ್ಲಿ ಕ್ರೀಮ್ ಇರಲಿಲ್ಲ, ಬೆಣ್ಣೆ ಮತ್ತು ಪರ್ಮಿಜಾನೊ ಚೀಸ್ ಅಷ್ಟೇ. ಕಾರ್ಬೊನಾರಾದಲ್ಲೂ ಕ್ರೀಮ್ ಇಲ್ಲ. ಮೊಟ್ಟೆಯ ಹಳದಿ, ಪೆಕೊರೀನೊ ಚೀಸ್, ಹಂದಿಯ ಕೆನ್ನೆಮಾಂಸ, ಕರಿಮೆಣಸು ಇಷ್ಟೇ. "ವೆಜ್ ಕಾರ್ಬೊನಾರಾ" ಅಂತ ಬರೆದಿದ್ದರೆ ಅದು ಏನು ಅಂತ ಕೇಳಿಯೇ ತರಿಸಿ.

ಕೆಂಪು ಸಾಸಿನ ರುಚಿ ತಿಂಗಳಿಂದ ತಿಂಗಳಿಗೆ ಬದಲಾದರೆ ಟೊಮೇಟೊ ಕಾರಣವಿರಬಹುದು. ನಮ್ಮ ಮಾರುಕಟ್ಟೆಯ ಹೈಬ್ರಿಡ್ ಹಣ್ಣಿನಲ್ಲಿ ನೀರು, ಹುಳಿ ಎರಡೂ ಜಾಸ್ತಿ, ಬೆಲೆಯಂತೂ ಹೇಳತೀರದು. 2023ರ ಜುಲೈನಲ್ಲಿ ಕೆಜಿಗೆ ನೂರು ರೂಪಾಯಿ ದಾಟಿತ್ತು. ಸಿಪ್ಪೆ ತೆಗೆದ ಡಬ್ಬಿ ಟೊಮೇಟೊ ಬಳಸುವವರ ಸಾಸು ವರ್ಷವಿಡೀ ಒಂದೇ ಥರ ಇರುತ್ತದೆ. "ಡಬ್ಬಿಯದು, ತಾಜಾ ಅಲ್ಲ" ಅಂತ ಹೀಗಳೆಯುವವರು ಇಟಲಿಯಲ್ಲೂ ಪಿಜ್ಜಾಗೆ ಡಬ್ಬಿಯದೇ ಹೆಚ್ಚು ಅನ್ನುವುದನ್ನು ಗಮನಿಸಬೇಕು.

ಖಾರವೇ ಇಲ್ಲವಲ್ಲ?

ಇರುವುದಿಲ್ಲ. ಬೇಕಿದ್ದರೆ ಅರಾಬ್ಯಾತಾ ಅಥವಾ ಆಲ್ಯೊ ಒಲ್ಯೊ ಪೆಪೆರೊಂಚಿನೊ ಹೇಳಿ. ಎರಡನೆಯದರಲ್ಲಿ ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ ಮೂರೇ. ಒಗ್ಗರಣೆಯ ರುಚಿ ಗೊತ್ತಿರುವ ನಾಲಿಗೆಗೆ ಮೊದಲ ತುತ್ತಿಗೇ ಹಿಡಿಸುತ್ತದೆ. ಇದರಲ್ಲಿ ಬೆಳ್ಳುಳ್ಳಿ ತಿಳಿ ಹೊಂಬಣ್ಣದಲ್ಲಿರಬೇಕು. ಕಂದಾಗಿದ್ದರೆ ಇಡೀ ತಟ್ಟೆ ಕಹಿ.

ನಾವು ಸಸ್ಯಾಹಾರಿಗಳು. ಹಸಿರು ಚುಕ್ಕೆ ನೋಡಿದರೆ ಸಾಲದಾ?

ಪ್ಯಾಕೆಟ್‌ಗೆ ಸಾಕು. ತಟ್ಟೆಗೆ ಬಂದ ಅಡುಗೆಗೆ ಸಾಲದು. ಮೈಸೂರಿನಲ್ಲಿ ಈ ಪ್ರಶ್ನೆ ಕೇಳುವ ಮನೆಗಳು ಬಹಳ ಇರುವುದರಿಂದ ಒಂದೊಂದಾಗಿ ಹೇಳುತ್ತೇವೆ.

ಚೀಸ್: ಹಾಲು ಒಡೆಸಲು ಬಳಸುವ ರೆನೆಟ್ ಅನ್ನುವ ಕಿಣ್ವ ಕರುವಿನ ಹೊಟ್ಟೆಯಿಂದಲೂ ಬರುತ್ತದೆ, ಸೂಕ್ಷ್ಮಾಣುಗಳಿಂದಲೂ ತಯಾರಾಗುತ್ತದೆ. ಅಸಲಿ ಪರ್ಮಿಜಾನೊ ರೆಜ್ಜಾನೊಗೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬ ನಿಯಮವಿದೆ, ಪೆಕೊರೀನೊ ರೊಮಾನೊಗೆ ಕುರಿಮರಿಯದು. ಹಸಿರು ಚುಕ್ಕೆಯ ಭಾರತೀಯ ಮೊಟ್ಸರೆಲ್ಲಾ, ಪರ್ಮೆಜಾನ್ ಮಾದರಿಯ ಚೀಸ್‌ಗೆ ಸೂಕ್ಷ್ಮಾಣುಗಳ ರೆನೆಟ್ ಬಳಸುತ್ತಾರೆ. ಹಾಗಾಗಿ ಕೇಳಬೇಕಾದದ್ದು "ಚೀಸ್ ವೆಜ್ಜಾ?" ಅಂತಲ್ಲ, "ಯಾವ ಚೀಸು, ಪ್ಯಾಕೆಟ್ ತೋರಿಸ್ತೀರಾ?" ಅಂತ. ತಿರಾಮಿಸುಗೆ ಹಾಕುವ ಮಸ್ಕರ್ಪೋನೆ ಅನ್ನುವ ಮೆತ್ತನೆಯ ಚೀಸನ್ನು ಹುಳಿ ಹಾಕಿ ಒಡೆಸುವುದರಿಂದ ಅದರಲ್ಲಿ ಈ ತೊಂದರೆ ಇಲ್ಲ.

ಮೊಟ್ಟೆ: ಒಣ ಪಾಸ್ತಾದಲ್ಲಿ ಹೆಚ್ಚಾಗಿ ಇರುವುದಿಲ್ಲ. "ಫ್ರೆಶ್ ಪಾಸ್ತಾ", "ಹ್ಯಾಂಡ್‌ಮೇಡ್" ಅಂತ ಹೆಮ್ಮೆಯಿಂದ ಬರೆದಿದ್ದರೆ ಎಚ್ಚರ; 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅನ್ನುವುದು ಅದರ ಮೂಲ ಅಳತೆ. ರವಿಯೋಲಿ, ಆಲೂಗಡ್ಡೆಯ ನ್ಯೊಕ್ಕಿಯಲ್ಲೂ ಕೇಳಿ.

ಸಾರು: ಮಿನೆಸ್ತ್ರೋನೆ ಸೂಪಿಗೂ ರಿಸೊಟ್ಟೊಗೂ ಕೋಳಿಯ ಸ್ಟಾಕ್ ಹಾಕುವ ಅಡುಗೆಮನೆಗಳಿವೆ. ಪುತ್ತನೆಸ್ಕಾ ಸಾಸಿನಲ್ಲಿ, ಸೀಸರ್ ಸಲಾಡಿನಲ್ಲಿ ಆಂಚೊವಿ ಅನ್ನುವ ಸಣ್ಣ ಮೀನು ಇರುತ್ತದೆ.

ಸಿಹಿ: ಪನ್ನಾ ಕೊಟ್ಟಾ ಗಟ್ಟಿಯಾಗುವುದು ಜೆಲಟಿನ್‌ನಿಂದ, ಅದು ಪ್ರಾಣಿಜನ್ಯ. ಚೈನಾಗ್ರಾಸ್ ಹಾಕಿದ್ದರೆ ತಿನ್ನಬಹುದು. ನೋಡಲು ಹಾಲಿನ ಸಿಹಿಯಂತಿರುವುದರಿಂದ ಅನುಮಾನವೇ ಬರದೆ ತಿಂದವರು ಎಷ್ಟೋ ಮಂದಿ.

ಮಾಂಸ ತಿನ್ನುವವರಿಗೂ ಒಂದು ಮಾತು. ಪ್ರೊಶುಟ್ಟೊ, ಪಂಚೆಟ್ಟಾ ಎರಡೂ ಹಂದಿಮಾಂಸ. ಪೆಪ್ಪರೋನಿ ಹಂದಿಯದೋ ದನದ್ದೋ ಕೋಳಿಯದೋ ಅಂತ ಕೇಳಿ ತಿಳಿಯಬೇಕು. ಇಟಾಲಿಯನ್‌ನಲ್ಲಿ ಪೆಪೆರೋನಿ ಅಂದರೆ ದೊಣ್ಣೆಮೆಣಸಿನಕಾಯಿ!

ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತದಾ?

ನಿಜವಾದ ಮಾರ್ಗರೀಟಾದಲ್ಲಿ ಎರಡೂ ಇಲ್ಲ: ಹಿಸುಕಿದ ಟೊಮೇಟೊ, ಉಪ್ಪು, ಚೀಸ್, ಎಣ್ಣೆ, ಬೇಸಿಲ್ ಎಲೆ. ಆದರೆ ಪಾಸ್ತಾ ಸಾಸನ್ನೇ ಪಿಜ್ಜಾಗೂ ಬಳಿಯುವ ಹೋಟೆಲ್‌ಗಳಲ್ಲಿ ಬೆಳ್ಳುಳ್ಳಿ ಇದ್ದೇ ಇರುತ್ತದೆ, ಕೇಳಿಕೊಳ್ಳಿ. ಹಾಲಿನ ಪದಾರ್ಥ ಬಿಟ್ಟವರಿಗೆ ಮರಿನಾರಾ ಪಿಜ್ಜಾ ಇದೆ. ಅದರಲ್ಲಿ ಚೀಸ್ ಇಲ್ಲ, ಬೆಳ್ಳುಳ್ಳಿ ಉಂಟು.

ರಿಸೊಟ್ಟೊ ಅಂದರೆ ಗಂಜಿಯಾ? ಅದಕ್ಕೆ ಅಷ್ಟೊಂದು ಬೆಲೆ ಯಾಕೆ?

ಬಿಸಿಬೇಳೆಬಾತ್ ನೆನಪಿಸಿಕೊಳ್ಳಿ. ಬಡಿಸಿದಾಗ ತಟ್ಟೆಯಲ್ಲಿ ನಿಧಾನ ಹರಡಬೇಕು, ಆರಿದರೆ ಗಟ್ಟಿಯಾಗುತ್ತದೆ. ರಿಸೊಟ್ಟೊ ಹದವೂ ಅದೇ. ವ್ಯತ್ಯಾಸ ಅಕ್ಕಿಯಲ್ಲಿದೆ. ಆರ್ಬೋರಿಯೊ, ಕಾರ್ನರೋಲಿ ಅಕ್ಕಿಯ ಹೊರಭಾಗದ ಪಿಷ್ಟ ಸಾರಿನಲ್ಲಿ ಕರಗಿ ಕೆನೆಯಂತಾಗುತ್ತದೆ, ಕಾಳಿನ ನಡುಭಾಗ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಮಂಡ್ಯದ ಗದ್ದೆಯ ಸೋನಾ ಮಸೂರಿ ಉದುರಾದ ಅನ್ನಕ್ಕೆ ಹೇಳಿ ಮಾಡಿಸಿದ್ದು, ಈ ಕೆಲಸಕ್ಕಲ್ಲ. ಕೆನೆ ಬಾರದ್ದಕ್ಕೆ ಕ್ರೀಮ್ ಸುರಿದು ಸರಿಮಾಡುತ್ತಾರೆ, ಆಗ ಅದು ಹಾಲನ್ನವಾಗುತ್ತದೆ.

ಸರಿಯಾಗಿ ಮಾಡಲು ಬಿಸಿಸಾರನ್ನು ಸೌಟುಸೌಟಾಗಿ ಹಾಕುತ್ತಾ 16ರಿಂದ 18 ನಿಮಿಷ ಒಬ್ಬರು ಒಲೆಯ ಮುಂದೆ ನಿಲ್ಲಬೇಕು. ಬೆಲೆ ಅದಕ್ಕೆ. ಆರ್ಡರ್ ಕೊಟ್ಟ ಐದೇ ನಿಮಿಷಕ್ಕೆ ಬಂದರೆ ಮುಂಚೆ ಬೇಯಿಸಿಟ್ಟದ್ದು ಅಂತ ತಿಳಿಯಿರಿ.

ಪೆಸ್ಟೊದಲ್ಲಿ ತುಳಸಿ ಹಾಕುತ್ತಾರಾ?

ಪೆಸ್ಟೊ ಅಂದರೆ ಎಲೆ, ಬೀಜ, ಚೀಸ್, ಎಣ್ಣೆ ಸೇರಿಸಿ ರುಬ್ಬಿದ ಹಸಿರು ಸಾಸು. ಅದಕ್ಕೆ ಹಾಕುವುದು ತುಳಸಿ ಅಲ್ಲ, ಬೇಸಿಲ್. ನಮ್ಮ ಕಾಮಕಸ್ತೂರಿ ಅದೇ ಜಾತಿಯ ಗಿಡ, ಘಮ ಮಾತ್ರ ಕೊಂಚ ಬೇರೆ. ಇಟಲಿಯ ಜಿನೋವಾ ಊರಿನ ಕ್ರಮದಲ್ಲಿ ಪೈನ್ ಬೀಜ ಹಾಕುತ್ತಾರೆ. ಅದು ಇಲ್ಲಿ ತೀರಾ ದುಬಾರಿಯಾದ್ದರಿಂದ ಗೋಡಂಬಿ ಬರುತ್ತದೆ, ರುಚಿಗೆ ಅದೇನೂ ಮೋಸವಿಲ್ಲ. ಎಲೆ ರುಬ್ಬುವಾಗ ಮಿಕ್ಸಿ ಬಿಸಿಯಾದರೆ ಪೆಸ್ಟೊ ಕಪ್ಪಗಾಗುತ್ತದೆ. ಒಲೆಯ ಮೇಲೆ ಕುದಿಸಿದರೂ ಅಷ್ಟೇ. ಹಸಿರು ಮಾಸಿ ಕಂದಾಗಿದ್ದರೆ ಇವೆರಡರಲ್ಲಿ ಒಂದು ನಡೆದಿದೆ, ಇಲ್ಲವೇ ಹಳೆಯದು. ಒರೆಗಾನೊ ಬದಲಿಗೆ ಹಿತ್ತಿಲ ದೊಡ್ಡಪತ್ರೆ ಆಗುತ್ತದಾ ಅಂತಲೂ ಕೇಳುತ್ತಾರೆ. ವಾಸನೆ ಹತ್ತಿರ, ಗಿಡ ಬೇರೆ. ಮನೆಯಲ್ಲಿ ಮಾಡುವಾಗ ಒಂದೆರಡು ಎಲೆ ಹೆಚ್ಚಿ ಹಾಕಿದರೆ ಚೆನ್ನಾಗಿಯೇ ಇರುತ್ತದೆ.

ತಟ್ಟೆಯಲ್ಲಿ ಇಷ್ಟೇ ಇಷ್ಟು. ಬೆಲೆ ನ್ಯಾಯವಾ?

ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಸರಿಯಾದ ಅಳತೆ. ಬೆಂದರೆ ಸುಮಾರು ಎರಡು ಪಟ್ಟಾಗುತ್ತದೆ. ಇಟಲಿಯಲ್ಲಿ ಪಾಸ್ತಾ ಊಟದ ಮೊದಲ ಹಂತ, ಅದರ ಮೇಲೆ ಇನ್ನೊಂದು ಬಡಿಸುವುದಿದೆ. ನಾವು ಅದನ್ನೇ ಪೂರ್ತಿ ಊಟ ಅಂದುಕೊಂಡು ಹೋಗುವುದರಿಂದ ಕಡಿಮೆ ಅನ್ನಿಸುತ್ತದೆ. ಹಾಗಂತ ಎಲ್ಲ ಬೆಲೆಯೂ ನ್ಯಾಯ ಅಂತಲ್ಲ. ಆಮದು ಚೀಸ್, ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ, ಆರ್ಬೋರಿಯೊ ಅಕ್ಕಿ ಇರುವ ಕಡೆ ಬೆಲೆ ಜಾಸ್ತಿಯಾಗುವುದು ಸಹಜ. ಬೆಳ್ಳುಳ್ಳಿ, ಎಣ್ಣೆ, ಮೆಣಸಿನಕಾಯಿಯ ಆಲ್ಯೊ ಒಲ್ಯೊಗೂ ಅದೇ ಬೆಲೆ ಹಾಕಿದ್ದರೆ ನಮ್ಮ ಅಭಿಪ್ರಾಯದಲ್ಲಿ ಅದು ಜಾಸ್ತಿಯೇ.

ತಿರಾಮಿಸು ತಿನ್ನಲು ಯೋಗ್ಯವಾ?

ಕೊಡಗು, ಚಿಕ್ಕಮಗಳೂರಿನ ಕಾಫಿ ಕೈಗೆಟಕುವಷ್ಟು ಹತ್ತಿರವಿರುವ ಊರಲ್ಲಿ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಮತ್ತು ಮಸ್ಕರ್ಪೋನೆ ಚೀಸಿನ ಪದರಗಳ ಈ ಸಿಹಿ ಕೆಡಬಾರದು. ಗಟ್ಟಿ ಕಾಫಿಯಲ್ಲಿ ಬಿಸ್ಕತ್ತನ್ನು ಒಂದೆರಡು ಸೆಕೆಂಡು ಮಾತ್ರ ಅದ್ದಬೇಕು. ಜಾಸ್ತಿ ಹೊತ್ತು ಬಿಟ್ಟರೆ ಬಟ್ಟಲ ತಳದಲ್ಲಿ ಕಾಫಿ ನಿಲ್ಲುತ್ತದೆ. ಮಸ್ಕರ್ಪೋನೆ ಬದಲು ಕೇಕಿನ ಕ್ರೀಮ್ ಹಾಕಿದ್ದರೆ ನಾಲಿಗೆ ಮೇಲೆ ಜಿಡ್ಡು ಉಳಿಯುತ್ತದೆ. ಹಸಿ ಮೊಟ್ಟೆ, ಮದ್ಯ ಎರಡೂ ಇರಬಹುದು, ಮಕ್ಕಳಿಗೆ ಕೊಡುವ ಮುಂಚೆ ಕೇಳಿ.

ಪಾರ್ಸೆಲ್ ತಂದರೆ ಯಾವಾಗಲೂ ನಿರಾಸೆ. ಏನು ಮಾಡಬೇಕು?

ಪೆಟ್ಟಿಗೆಯೊಳಗಿನ ಹಬೆಯೇ ಶತ್ರು. ಕಾಲು ಗಂಟೆಯೊಳಗೆ ಮನೆ ಸೇರುವಂತಿದ್ದರೆ ಮಾತ್ರ ಪಿಜ್ಜಾ ತನ್ನಿ, ದಾರಿಯಲ್ಲಿ ಮುಚ್ಚಳ ಒಂದು ಬೆರಳಷ್ಟು ತೆರೆದಿರಲಿ. ಮೈಕ್ರೋವೇವ್ ಬೇಡ, ಅಂಚು ಚರ್ಮವಾಗುತ್ತದೆ. ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡುಗಳನ್ನಿಟ್ಟು ಎರಡು ಮೂರು ನಿಮಿಷ ಬಿಡಿ. ತಳ ಗರಿಯಾದ ಮೇಲೆ ಕಾವಲಿಯ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಒಂದು ನಿಮಿಷ ಮುಚ್ಚಿ, ಚೀಸ್ ಕರಗುತ್ತದೆ. ಪಾಸ್ತಾಗೆ ಎರಡು ಚಮಚ ಬಿಸಿನೀರು ಹಾಕಿ ಬಾಣಲೆಯಲ್ಲಿ ಕುಲುಕಿ. ರಿಸೊಟ್ಟೊ ಪಾರ್ಸೆಲ್ ತರಲೇಬೇಡಿ.

ಬಿಲ್ಲಿನಲ್ಲಿ ಏನು ನೋಡಬೇಕು?

ಜಿಎಸ್‌ಟಿ 5 ಶೇಕಡ, ಅಂದರೆ ಕೇಂದ್ರದ ಎರಡೂವರೆ, ರಾಜ್ಯದ ಎರಡೂವರೆ. ಕಾಂಪೊಸಿಷನ್ ಪದ್ಧತಿಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲ್‌ಗಳು ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ತಾವಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಲು ಹೇಳಿ, ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯೂ ಬಿಲ್ಲಿನ ಮೇಲಿರಬೇಕು.

ಊಟ ಸರಿಯಿರಲಿಲ್ಲ ಅಂತ ಹೇಗೆ ಹೇಳುವುದು?

ಅಲ್ಲೇ, ಎರಡನೆಯ ತುತ್ತಿಗೇ, ಸಪ್ಲೈಯರ್‌ಗೆ ಹೇಳಿ. ಮುಕ್ಕಾಲು ತಿಂದ ಮೇಲೆ ಅಡುಗೆಮನೆಯವರಿಗೂ ನೋಡಲು ಏನೂ ಉಳಿದಿರುವುದಿಲ್ಲ. "ಚೆನ್ನಾಗಿಲ್ಲ" ಅಂದರೆ ಅವರು ಏನನ್ನೂ ತಿದ್ದಲಾರರು. "ತಳ ಬಿಳಿಯಾಗಿದೆ", "ಪಾಸ್ತಾ ನಡುವೆ ಹಿಟ್ಟುಹಿಟ್ಟು", "ಸಾಸಿನಲ್ಲಿ ಬೆಳ್ಳುಳ್ಳಿ ಸೀದಿದೆ" ಅನ್ನಿ. ಮನೆಗೆ ಬಂದು ಫೋನಿನಲ್ಲಿ ಒಂದು ನಕ್ಷತ್ರ ಒತ್ತುವುದಕ್ಕಿಂತ ಇದು ಎಷ್ಟೋ ಮೇಲು. ತೆರೆದು ಎರಡು ತಿಂಗಳಾಗದ ಹೋಟೆಲ್‌ನಲ್ಲಿ ಒಲೆ, ಹಿಟ್ಟು, ಕೆಲಸಗಾರರು ಇನ್ನೂ ಹೊಂದಿಕೊಳ್ಳುತ್ತಿರುತ್ತಾರೆ.

ಹನ್ನೆರಡು ಜನ ಒಟ್ಟಿಗೆ ಹೋದರೆ?

ಮುಂಚೆ ಫೋನ್ ಮಾಡಿ, ದಸರಾ ದಿನಗಳಲ್ಲಂತೂ ತಪ್ಪದೆ. ಸಣ್ಣ ಒಲೆಯಲ್ಲಿ ಒಮ್ಮೆಗೆ ಎರಡೋ ಮೂರೋ ಪಿಜ್ಜಾ ಹಿಡಿಯುತ್ತವೆ. ಹನ್ನೆರಡನ್ನೂ ಒಟ್ಟಿಗೆ ಹೇಳಿದರೆ ಮೊದಲನೆಯದು ಆರುತ್ತದೆ, ಕೊನೆಯದರ ತಳ ಹಸಿಯಾಗುತ್ತದೆ. ಎರಡೆರಡಾಗಿ ತರಿಸಿ, ಬಂದದ್ದನ್ನು ಎಲ್ಲರೂ ಒಂದೊಂದು ತುಂಡು ಹಂಚಿಕೊಂಡು ಬಿಸಿಯಿರುವಾಗಲೇ ತಿನ್ನಿ. ಪಾಸ್ತಾ ಎರಡು ಬಗೆಗಿಂತ ಹೆಚ್ಚು ಬೇಡ. ಒಂದೇ ಬಾಣಲೆಯಲ್ಲಿ ಎರಡು ಮೂರು ತಟ್ಟೆಯ ಪಾಸ್ತಾ ಆಗುತ್ತದೆ, ಆರು ಬಗೆ ಹೇಳಿದರೆ ಆರು ಬಾಣಲೆ ಬೇಕು, ಅಷ್ಟು ಒಲೆ ಅಲ್ಲಿರುವುದಿಲ್ಲ.